ಸಹವಾಸೀಯ ಬಂಧ

"ಅಮ್ಮಾ, ಇರು. ಆ ಕ್ಲಿಪ್ ತೆಗೀಬೇಡ."

ಅಮ್ಮನ ಕೈ ತಂತಿಯ ಮೇಲೇ ನಿಂತಿತು. ತಾರಸಿಯಲ್ಲಿ ಬಟ್ಟೆ ಒಣಹಾಕಿ, ಮಗಳಿಗೆ ಜಡೆ ಹೆಣೆದು, ಎಂಟೂವರೆಗೆ ಮನೆ ಬಿಡಬೇಕು. ಕ್ಲಿಪ್ಪುಗಳು ಎಂದೂ ಸಾಲುತ್ತಿರಲಿಲ್ಲವಾದ್ದರಿಂದ ಎರಡು ದಿಂಬಿನ ಕವರುಗಳ ಅಂಚನ್ನು ಒಂದರ ಮೇಲೊಂದಿಟ್ಟು, ಆಚೀಚೆ ತುದಿಗೆ ಒಂದೊಂದು, ನಡುವೆ ಎರಡಕ್ಕೂ ಸೇರಿ ಒಂದೇ ಕ್ಲಿಪ್ ಸಿಕ್ಕಿಸಿದ್ದಳು.

ಬಕೆಟ್ಟಿನ ಪಕ್ಕ ಕೂತು ಓದುತ್ತಿದ್ದ ಮಗಳು ಪುಸ್ತಕದ ಸಮೇತ ಎದ್ದು ಬಂದಳು.

"ಈ ಕವರಿಗೆ ಎಷ್ಟು ಕ್ಲಿಪ್ಪು?"

"ಎರಡು."

"ಅದಕ್ಕೆ?"

"ಅದಕ್ಕೂ ಎರಡೇ. ಬೆಳಿಗ್ಗೆ ಬೆಳಿಗ್ಗೆ ನಾನು ಮಗ್ಗಿ ಒಪ್ಪಿಸ್ಬೇಕೇನೇ?"

"ಒಟ್ಟು ನಾಲ್ಕಾಗ್ಬೇಕು. ಇರೋದು ಮೂರು." ಮಗಳು ಉಸಿರು ಬಿಡದೆ ಹೇಳತೊಡಗಿದಳು. "ಕ್ಲೋರಿನ್ನೂ ಹೀಗೇ ಅಮ್ಮಾ. ಒಂದೊಂದರ ಹೊರಕವಚದಲ್ಲಿ ಏಳೇ ಎಲೆಕ್ಟ್ರಾನು, ಬೇಕಾಗಿರೋದು ಎಂಟು. ಎರಡೂ ಅಲೋಹ, ಬಿಟ್ಟುಕೊಡೋ ಪೈಕಿ ಅಲ್ಲ. ಅದಕ್ಕೇ ಇದೊಂದು, ಅದೊಂದು ನಡುವೆ ಇಟ್ಟು, ಆ ಜೋಡೀನ ಎರಡೂ ಹಿಡ್ಕೊಂಡಿರ್ತವೆ. ಏಳೂ ಏಳೂ ಹದಿನಾಲ್ಕು, ಪುಸ್ತಕದಲ್ಲಿ ನೋಡಿದ್ರೆ ಎಂಟೂ ಎಂಟೂ ಹದಿನಾರು. ಹೆಂಗೆ ಅಂತ ಒಂದು ವಾರದಿಂದ ತಲೆ ಕೆಟ್ಟುಹೋಗಿತ್ತು. ನಡುವಿನದನ್ನ ಎರಡು ಸಲ ಎಣಿಸ್ತೀವಿ, ಅಷ್ಟೇ!"

"ಒಂದು ವಾರದಿಂದಾನಾ? ನಿಮ್ಮ ವಿಜ್ಞಾನದ ಟೀಚರ್ ಕೆಳಗಿನ ಮನೇಲೇ ಇದಾರಲ್ಲ. ಕೇಳೋದಲ್ವಾ?"

ಮಗಳು ಪುಸ್ತಕ ಮುಚ್ಚಿಬಿಟ್ಟಳು. ಯಾಕಾದರೂ ಹೇಳಿದೆನೋ ಎನಿಸಿತು ಅಮ್ಮನಿಗೆ. ಹೋದ ವಾರ ತರಗತಿಯಲ್ಲಿ ಗಟ್ಟಿಯಾಗಿ ಓದುವಾಗ ಹುಡುಗಿ, ಎಲೆಕ್ಟ್ರಾನು ಹಂಚಿಕೊಳ್ಳುವ ಈ ಬಂಧವನ್ನು 'ಸಹವೇಲೆನ್ಸೀಯ ಬಂಧ' ಎನ್ನಲು ಹೋಗಿ 'ಸಹವಾಸೀಯ ಬಂಧ' ಎಂದಿದ್ದಳು. ಅಂದಿನಿಂದ ಅವಳ ಹೆಸರೇ 'ಸಹವಾಸ'. ಬೆಂಚಿನಲ್ಲಿ ಪಕ್ಕ ಕೂತರೆ, "ನಿನ್ನ ಸಹವಾಸ ಬೇಡಮ್ಮಾ" ಎಂದು ಸರಿದು ಕೂರುತ್ತಿದ್ದರು. ಆಮೇಲೆ ಅವಳು ಅಲ್ಲಿ ತುಟಿ ಬಿಚ್ಚಿದ್ದಿಲ್ಲ.

"ನೀನು ಓದಿದ್ದು ಅಂಥ ತಪ್ಪೇನಲ್ಲ ಬಿಡು," ಎಂದಳು ಅಮ್ಮ. "ಒಂದನ್ನ ಇಬ್ರು ಹಿಡ್ಕೊಂಡು ಬಾಳೋದಕ್ಕೆ ಇನ್ನೇನಂತಾರೆ?"

ಮಗಳು ನಕ್ಕಳು. ಅಮ್ಮ ನೆನೆದ ಟವೆಲನ್ನೂ ಒಂದು ಕರವಸ್ತ್ರವನ್ನೂ ಅದೇ ರೀತಿ ಸೇರಿಸಿ ಹಾಕಿದಳು. ಟವೆಲಿನ ಭಾರಕ್ಕೆ ತಂತಿ ಬಾಗಿ, ನಡುವಿನ ಕ್ಲಿಪ್ ಮೆಲ್ಲಗೆ ಟವೆಲಿನ ಕಡೆಗೆ ಜಾರಿತು. ಪುಟ್ಟ ಕರವಸ್ತ್ರ ಬಿಗಿಯಾಗಿ ಎಳೆದು ನಿಂತಿತು. ಮಗಳ ನಗು ಅರ್ಧಕ್ಕೇ ನಿಂತು, ಬಾಯಿ ಮಾತ್ರ ತೆರೆದೇ ಇತ್ತು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ಸೊಂಟಕ್ಕೆ ಬಕೆಟ್ ಆನಿಸಿಕೊಂಡು ಟೀಚರ್ ಹತ್ತಿ ಬಂದರು. ಹುಡುಗಿ ಒದ್ದೆ ದುಪ್ಪಟಿಯ ಹಿಂದೆ ಮರೆಯಾದಳು.

"ಏನ್ರೀ, ತಾಯಿ ಮಗಳ ಸಭೆ ಜೋರಾಗಿದೆ. ಕ್ಲಾಸಲ್ಲಿ ನೋಡಿದ್ರೆ ಬಾಯಿಗೆ ಬೀಗ."

"ಅವಳಿಗೆ ಒಂದು..." ಎಂದ ಅಮ್ಮ ತುಟಿ ಕಚ್ಚಿಕೊಂಡಳು. ಕೈಲಿದ್ದ ಲಂಗವನ್ನು ಸುಮ್ಮನೆ ಮತ್ತೊಮ್ಮೆ ಕೊಡವಿದಳು.

ದುಪ್ಪಟಿಯ ಕೆಳಗೆ ಎರಡು ಪಾದ ಹಿಂದೆ ಸರಿದವು. ಮತ್ತೆ ಮುಂದೆ ಬಂದವು. ಆಮೇಲೆ ಮುಖವೂ ಬಂತು, ಕೆಂಪಗೆ.

"ಮಿಸ್, ಕ್ಲೋರಿನ್ನೂ ಕ್ಲೋರಿನ್ನೂ ಅಂದ್ರೆ ಸಮಸಮ, ಸರಿ. ಹೈಡ್ರೋಜನ್ನೂ ಕ್ಲೋರಿನ್ನೂ ಕೂಡಿದ್ರೆ, ಆ ಜೋಡಿ ನಿಜವಾಗ್ಲೂ ನಡುವೇನೇ ಇರತ್ತಾ, ಇಲ್ಲಾ ಈ ಕ್ಲಿಪ್ಪಿನ ಥರ ಒಂದು ಕಡೆಗೆ ಜಾರತ್ತಾ?"