ಹಾಲಿನ ವಾರ್ಡು

"ಒತ್ತಾಗಿ ಕೂತ್ಕೊಳ್ರೋ ಬೋಳಿಮಕ್ಕಳಾ. ಡಾಕ್ಟರಮ್ಮ ನಿಮ್ಮ ಹಾಳು ಜೀವ ಉಳಿಸೋಕೆ ಅಂತ ಬಂದಿದಾರೆ."

ವಾರ್ಡರನ ಲಾಠಿ ಸಾಲಿನ ತುದಿಯಲ್ಲಿದ್ದ ಕತ್ತರಿಯ ಬೆನ್ನಿಗೆ ಬಿತ್ತು. ಕತ್ತರಿ ಎಂದರೆ ಜೈಲಿನ ಕ್ಷೌರದವನು, ಅವನೂ ಕೈದಿಯೇ. ಹೊರಗೆ ಅವನಿಗೊಂದು ಹೆಸರಿತ್ತು, ಒಳಗೆ ಅದನ್ನು ಕೇಳುವವರೇ ಇರಲಿಲ್ಲ. ಕೆಮ್ಮು ಒತ್ತರಿಸಿಕೊಂಡು ಬಂತು, ನುಂಗಿಕೊಂಡ. ಜೈಲಿನ ದೊಡ್ಡ ಸಾಹೇಬರು ಎದುರಿಗೇ ಮೇಜಿನ ಹಿಂದೆ ಕುರ್ಚಿ ತುಂಬಿಕೊಂಡು ಕೂತಿದ್ದರು. ಅವರ ಮುಂದೆ ಕೆಮ್ಮಿದರೆ ಅದಕ್ಕೂ ಒದೆ.

ಡಾಕ್ಟರಮ್ಮ ಗೋಡೆಗೆ ಚಿತ್ರ ತೂಗುಹಾಕಿ ಪಾಠ ಶುರುಮಾಡಿದಳು.

"ಟಿ.ಬಿ. ಗಾಳಿಯಲ್ಲಿ ಹರಡೋ ರೋಗ. ರೋಗ ಇರೋರ ಜೊತೆ ಮುಚ್ಚಿದ ಕೋಣೇಲಿ ಮಲಗಿದ್ರೆ ಚೆನ್ನಾಗಿರೋರಿಗೂ ಹತ್ಕೊಳ್ಳತ್ತೆ. ಅದಕ್ಕೇ ಅಲ್ವಾ ಇಲ್ಲಿ ಅವರಿಗೆ ಅಂತ ಬೇರೆ ವಾರ್ಡು ಇರೋದು?"

"ಹಾಲಿನ ವಾರ್ಡಾ ತಾಯಿ?" ಯಾರೋ ಕೇಳಿದ. ಎಲ್ಲರೂ ನಕ್ಕರು.

ಕತ್ತರಿ ಮಾತ್ರ ತಲೆಯೆತ್ತಿ ಗೋಡೆಯ ಚಿತ್ರ ನೋಡಿದ.

ಒಳಗಿದ್ದವರಿಗೆ ಅದು ಹಾಲಿನ ವಾರ್ಡೇ. ದಿನಾ ಲೋಟ ಹಾಲು, ಮೊಟ್ಟೆ, ಮಲಗಲು ಮಂಚ. ಬ್ಯಾರಕ್ಕಿನಲ್ಲಾದರೆ ಒಬ್ಬ ಮಗ್ಗುಲು ಬದಲಿಸಬೇಕಾದರೆ ಸಾಲಿಗೆ ಸಾಲೇ ಬದಲಿಸಬೇಕು. ಅದು ಯಾವ ರೋಗದ ವಾರ್ಡೆಂದು ಈವರೆಗೆ ಒಬ್ಬ ನರಮನುಷ್ಯನೂ ಬಾಯಿಬಿಟ್ಟು ಹೇಳಿರಲಿಲ್ಲ. ಕಂಪೌಂಡರ್ ಆಗೊಮ್ಮೆ ಈಗೊಮ್ಮೆ ಡಬ್ಬಿ ಹಂಚಿ "ಉಗೀರೋ" ಎನ್ನುತ್ತಿದ್ದ, ಅಷ್ಟೆ. ಯಾರ ಕಫ ಕೆಟ್ಟಿದೆಯೋ ಅವನಿಗೆ ಹಾಲು. ಹೀಗಾಗಿ ಒಳ್ಳೆಯ ಕೆಮ್ಮಿನವನ ಮುಂದೆ ಬೀಡಿ ಹಿಡಿದು, ತಮ್ಮ ಡಬ್ಬಿಗೆ ಉಗಿಸಿಕೊಳ್ಳುವವರು ಸಾಲುಗಟ್ಟುತ್ತಿದ್ದರು.

ಕತ್ತರಿ ತನ್ನದನ್ನು ಬೀಡಿಗೆ ಮಾರಲಿಲ್ಲ. ಒಂದೇ ಮಂಚ ಖಾಲಿಯಿದೆ ಎಂದು ತಿಳಿದಾಗ ತನ್ನ ಕಫವನ್ನು ತಮ್ಮನ ಡಬ್ಬಿಗೆ ಹಾಕಿದ, ತಮ್ಮನ ಎಂಜಲನ್ನು ತನ್ನದಕ್ಕೆ. ಒಂದೇ ಕೇಸಿನಲ್ಲಿ ಅಣ್ಣನ ಹಿಂದೆ ಒಳಗೆ ಬಂದವನು ಆ ತಮ್ಮ. ಗುಂಡುಕಲ್ಲಿನ ಹಾಗಿದ್ದ ಹುಡುಗ ಗಂಜಿ ಕುಡಿದು ಕಡ್ಡಿಯಾಗಿದ್ದ. "ಹೋಗು ಮಗಾ, ನಾಲ್ಕು ದಿನ ಹಾಲು ಕುಡ್ದು ಮೈ ಹತ್ತಿಸ್ಕೊ" ಎಂದು ಬೆನ್ನು ತಟ್ಟಿ ಕಳಿಸಿದ್ದ. ತಿಂಗಳುಗಳೇ ಉರುಳಿದ್ದವು. ಅಯ್ಯೋ ಶಿವನೇ, ಕೈಯಾರೆ ಹುಲಿಯ ಬಾಯಿಗೆ ನೂಕಿದ್ದ.

ಅವನು ಎದ್ದು ನಿಂತ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ.

"ರೋಗ ನಂದು ತಾಯಿ. ನನ್ನ ತಮ್ಮ ಚೆನ್ನಾಗೇ ಇದ್ದ. ಅವನನ್ನ ಅಲ್ಲಿಂದ ಈಚೆಗೆ ತೆಗೀರಿ."

ಡಾಕ್ಟರಮ್ಮನ ಮುಖ ಬಿಳಿಚಿತು. "ಸಾರ್, ಇಬ್ಬರನ್ನೂ ಇವತ್ತೇ ಮತ್ತೆ ಪರೀಕ್ಷೆ ಮಾಡ್ಬೇಕು."

"ವರದಿ ಮೇಲಕ್ಕೆ ಹೋಗಿದೆ ಮೇಡಂ. ಈಗ ತಪ್ಪು ಅಂದ್ರೆ ನನ್ನ ಕುತ್ತಿಗೆಗೆ ಬರತ್ತೆ." ಸಾಹೇಬರು ಕತ್ತರಿಯ ಕಡೆ ತಿರುಗಿದರು. "ಏನೋ ಸೂಳೇಮಗನೆ, ಸರ್ಕಾರಕ್ಕೇ ಎಂಜಲು ಬದಲಾಯಿಸಿ ಕೊಡ್ತೀಯಾ? ಕದ್ದು ಹಾಲು ಕುಡಿದನಲ್ಲ ನಿನ್ನ ತಮ್ಮ, ರೋಗಾನೂ ಕುಡೀಲಿ. ಮುಂದಿನ ವರ್ಷ ನೋಡೋಣ, ಬದುಕಿದ್ರೆ."

"ಕಾಲಿಗೆ ಬೀಳ್ತೀನಿ ಸಾಹೇಬ್ರೆ. ನನ್ನ ಬೇಕಾದ್ರೆ ಸಾಯಿಸಿ."

ಬಿದ್ದವನ ಮುಖಕ್ಕೆ ಸಾಹೇಬರು ಬೂಟಿನಲ್ಲೇ ಒದ್ದರು.

"ನೀನ್ಯಾಕೋ ಸಾಯ್ತೀಯಾ? ವರದೀಲಿ ನೀನು ಆರೋಗ್ಯವಂತ. ಹೋಗು, ಕೂತ್ಕೊ."

ಕತ್ತರಿ ನಿಧಾನವಾಗಿ ಎದ್ದ. ತುಟಿ ಒಡೆದಿತ್ತು. ಒಳಗೆ ಏನೋ ಹರಿದುಹೋಗಿತ್ತು, ಹೆದರಿಕೆಯೇ ಇರಬೇಕು.

"ಸರಿ ಬಿಡಿ ಸಾಹೇಬ್ರೆ. ದಿನಾ ಬೆಳಿಗ್ಗೆ ಕೋಣೆ ಬಾಗಿಲು ಹಾಕ್ಕೊಂಡು, ನಿಮ್ಮ ಮೂಗಿಗೆ ಮೂಗು ತಾಗಿಸಿ ಗಡ್ಡ ಹೆರೆಯೋನು ನಾನೇ. ನಾನು ಆರೋಗ್ಯವಂತ ಅಂದ್ಮೇಲೆ ನಿಮಗೂ ಏನೂ ಆಗಿರಲ್ಲ."

ಸಾಹೇಬರ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ನುಣ್ಣಗಿತ್ತು.

"ಮೇಡಂ," ಎಂದರು, ದನಿ ಸಣ್ಣಗಾಗಿತ್ತು. "ನನಗೊಂದು ಡಬ್ಬಿ ಕೊಡಿ. ಈಗ್ಲೇ."

ಮುಂದಿನ ವರ್ಷದ ಪರೀಕ್ಷೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಮೇಜಿನ ಮೇಲೆ ಬಂದು ಕೂತಿತು. ಡಾಕ್ಟರಮ್ಮ ತಲೆ ತಗ್ಗಿಸಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು. ಕತ್ತರಿ ಕೈ ಚಾಚಿ ಅದನ್ನು ಕಸಿದುಕೊಂಡ. ಇಷ್ಟು ಹೊತ್ತು ಅದುಮಿಟ್ಟ ಕೆಮ್ಮನ್ನೆಲ್ಲ ಬಿಟ್ಟ, ಪಕ್ಕೆಲುಬು ಕಿತ್ತು ಬರುವ ಹಾಗೆ, ಬಾಯಿ ಮುಚ್ಚಿಕೊಳ್ಳದೆ. ಡಬ್ಬಿಗೆ ಉಗಿದ. ಕೆಂಪಗಿತ್ತು. ಅದನ್ನು ಸಾಹೇಬರ ಮುಂದಿಟ್ಟ.

"ನಿಮ್ಮ ಹೆಸರು ಬರೆಸ್ಕೊಳ್ಳಿ ಸಾಹೇಬ್ರೆ. ನನ್ನ ತಮ್ಮನ ಪಕ್ಕದ ಮಂಚ ಸಿಗತ್ತೆ."

ವಾರ್ಡರ್ ಲಾಠಿ ಎತ್ತಿದ. ಪಾಠವನ್ನು ಅವನೂ ಕೇಳಿದ್ದ. ಹತ್ತಿರ ಬರಲಿಲ್ಲ.