ಜೋಕಾಲಿಯಿಂದ ಗುಣವಾದವನು

ಬುದ್ಧಿಮಾಂದ್ಯರ ಡೇ ಕೇರ್ ಕೇಂದ್ರಕ್ಕೆ ಸರ್ಕಾರದ ಅನುದಾನದಲ್ಲಿ ಜೋಕಾಲಿ ಬಂದು ವರ್ಷವಾಗಿತ್ತು. ಮೆತ್ತನೆಯ ಸೀಟು, ದಪ್ಪ ಹಗ್ಗ, ಅದಕ್ಕೆಂದೇ ಒಂದು ಕೋಣೆ, ಕೋಣೆಗೊಂದು ಬೀಗ. ಸೀಟಿನ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿರಲಿಲ್ಲ.

ದಿನಾ ತಮ್ಮನನ್ನು ಅಲ್ಲಿ ಬಿಟ್ಟು ಹೊಲಿಗೆ ಅಂಗಡಿಗೆ ಓಡುತ್ತಿದ್ದ ಅಕ್ಕನಿಗೆ ಆ ಬೀಗ ಕಂಡರೆ ಮೈಯೆಲ್ಲ ಉರಿ. ತಮ್ಮನಿಗೆ ಮೀಸೆ ನರೆತರೂ ಮನಸ್ಸು ಮಗುವಿನದು. ಗಾಬರಿಯಾದರೆ ಬೆಂಚಿನ ಮೇಲೆ ಹಿಂದೆ ಮುಂದೆ ತೂಗಿಕೊಂಡು ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ. ಜೋಕಾಲಿಯಲ್ಲಿ ಕೂರಿಸಿದರೆ ಶಾಂತನಾಗುತ್ತಾನೆ ಎಂದು ಡಾಕ್ಟರೇ ಹೇಳಿದ್ದರು.

"ಕೂರಿಸಿದ್ರೆ ಹಳೇದಾಗುತ್ತಮ್ಮ," ಎನ್ನುತ್ತಿದ್ದರು ಮ್ಯಾನೇಜರು. "ತಪಾಸಣೆಗೆ ಬಂದೋರಿಗೆ ಹೊಸದಾಗಿ ಕಾಣಬೇಕು. ಇಲ್ಲಾಂದ್ರೆ ಮುಂದಿನ ಅನುದಾನಕ್ಕೆ ಕಲ್ಲು ಬೀಳುತ್ತೆ." ಸ್ವಂತ ಮಕ್ಕಳನ್ನೂ ಆ ಪುಣ್ಯಾತ್ಮರು ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ.

ತಪಾಸಣೆಯ ದಿನ ಮನೆಯವರೂ ಬಂದು ಚಪ್ಪಾಳೆ ತಟ್ಟಬೇಕೆಂದು ಅಪ್ಪಣೆಯಾಗಿತ್ತು. ಅಕ್ಕ ರಜೆ ಹಾಕಿ ಬಂದಳು. ಅಂತೂ ಬೀಗ ತೆರೆಯಿತು. ತಪಾಸಣೆ ಎಂದ ಮೇಲೆ ಕೂತೇ ನೋಡಬೇಕಲ್ಲ, ಸರ್ಕಾರದಿಂದ ಬಂದ ಸಾಹೇಬರು ಜೋಕಾಲಿಯ ಕವರಿನ ಮೇಲೇ ಕೂತರು. ತೂಗುವವರೊಬ್ಬರು ಬೇಕಲ್ಲ, ಬಾಗಿಲಲ್ಲಿ ಆಸೆಗಣ್ಣು ಬಿಟ್ಟುಕೊಂಡು ನಿಂತಿದ್ದ ತಮ್ಮನನ್ನು ಮ್ಯಾನೇಜರು ಕರೆದರು. ಆಮೇಲೆ ತನ್ನ ಸರದಿ ಎಂದು ನಂಬಿ ಅವನು ಮೆಲ್ಲಗೆ, ಒಂದೇ ಹದದಲ್ಲಿ ತೂಗಿದ. ಸಾಹೇಬರ ಕಣ್ಣು ಮುಚ್ಚಿತು, ಬಾಯಿ ತೆರೆಯಿತು, ಗೊರಕೆಯೂ ಶುರುವಾಯಿತು.

"ಈಗ ನಾನಾ?" ಎಂದ ತಮ್ಮ, ಸಾಹೇಬರು ಎಚ್ಚೆತ್ತಾಗ.

ಸಾಹೇಬರು ಅವನ ಬೆನ್ನು ತಟ್ಟಿದರು. "ಎಷ್ಟು ಸಮಾಧಾನದ ಮನುಷ್ಯ. ಏನಾಗಿತ್ತು ಇವನಿಗೆ?"

"ಗೋಡೆಗೆ ತಲೆ ಚಚ್ಕೋತಿದ್ದ ಸಾರ್. ಎಲ್ಲಾ ಜೋಕಾಲಿ ಮಹಿಮೆ," ಎಂದರು ಮ್ಯಾನೇಜರು, ನಾಲಿಗೆ ತಡವರಿಸದೆ.

"ಹಾಗಾದ್ರೆ ಗುಣವಾದ್ನಲ್ಲ. ಗುಣವಾದವನ ಮೇಲೆ ಸರ್ಕಾರ ಯಾಕೆ ದುಡ್ಡು ಸುರೀಬೇಕು? ನಾಳೆಯಿಂದ ಮನೇಲೇ ಇರ್ಲಿ."

ನಾಳೆ ಅಕ್ಕ ಅಂಗಡಿಗೆ ಹೋದರೆ ಇವನ ಜೊತೆ ಯಾರಿರುತ್ತಾರೆ? "ಸಾರ್, ಇವನು ಅದ್ರಲ್ಲಿ ಒಂದು ದಿನಾನೂ ಕೂತಿಲ್ಲ," ಎಂದಳು.

ಸಾಹೇಬರ ಮುಖ ಅರಳಿತು. "ಕೂರದೇನೇ ಇಷ್ಟು ಗುಣಾನಾ? ಇನ್ನೆರಡು ಜೋಕಾಲಿ ಮಂಜೂರು ಮಾಡೋಣ."

ಚಪ್ಪಾಳೆಯಾಯಿತು. ಎಲ್ಲರೂ ಚಹಾ ಕುಡಿಯಲು ಹೊರಟರು. ಅಕ್ಕನಿಗೆ ಪಿತ್ತ ನೆತ್ತಿಗೇರಿತ್ತು. ತಮ್ಮನ ಕೈಹಿಡಿದು ಒಳಗೆಳೆದು ಚಿಲಕ ಹಾಕಿದಳು, ಕವರನ್ನು ಪರಪರ ಹರಿದು ಅವನನ್ನು ಕೂರಿಸಿ ತೂಗಿದಳು.

ಮ್ಯಾನೇಜರು ಬಾಗಿಲು ಬಡಿಯುತ್ತಿದ್ದರು. "ಅವನೀಗ ಹೊರಗಿನವನು ಕಣಮ್ಮ. ಹೊರಗಿನವರನ್ನ ಕೂರಿಸೋ ಹಾಗಿಲ್ಲ."

ತಮ್ಮ ಕಣ್ಣು ಮುಚ್ಚಿ ನಗುತ್ತಿದ್ದ. ಅಷ್ಟು ನೆಮ್ಮದಿಯ ನಗುವನ್ನು ಅವಳು ಅವನ ಮುಖದಲ್ಲಿ ಕಂಡೇ ಇರಲಿಲ್ಲ.

"ಅಕ್ಕಾ, ನಾಳೆನೂ?" ಎಂದ.

ಅವಳಿಗೆ ಅಳು ಒತ್ತರಿಸಿ ಬಂತು. ಇನ್ನೊಮ್ಮೆ ತೂಗಿದಳು.