ಕಂಬದ ಪಕ್ಕದ ಜಾಗ

ಸ್ಕಾರ್ಫು ಎಷ್ಟು ಎಳೆದರೂ ನೆಟ್ಟಗೆ ಕೂರುತ್ತಿರಲಿಲ್ಲ. ಚೌಡೇಶ್ವರಿ ಗಂಡನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಅದರ ಎರಡು ತುದಿಗಳನ್ನು ಸಮ ಮಾಡಲು ನೋಡುತ್ತಿದ್ದಳು. ಬಟ್ಟೆ ಕತ್ತರಿಸಿದವಳು ಅವಳೇ, ಅಂಚು ಮಡಚಿ ಹೊಲಿದವಳು ಅವಳೇ. ಕಟ್ಟಿಕೊಳ್ಳುವುದು ಮಾತ್ರ ಇಷ್ಟು ವರ್ಷವೂ ಇನ್ನಾಸಪ್ಪ ಮೇಷ್ಟ್ರ ಕೆಲಸವಾಗಿತ್ತು. ಕನ್ನಡಿ ಮುಂದೆ ನಿಂತರೆ ಮದುಮಗನಿಗಿಂತ ಹೆಚ್ಚು ಹೊತ್ತು ಹಿಡಿಸುತ್ತಿದ್ದವರು ಇವತ್ತು ಕೊರಳು ಒಪ್ಪಿಸಿ ಸುಮ್ಮನೆ ಮಲಗಿದ್ದರು.

ನಿನ್ನೆ ಸಂಜೆ ಶಾಲೆಯ ಮೈದಾನದಲ್ಲಿ ಸ್ಕೌಟ್ ಹುಡುಗರಿಗೆ ಡೇರೆ ಹಾಕುವುದನ್ನು ಹೇಳಿಕೊಡುತ್ತಿದ್ದರು. ಹಗ್ಗ ಬಿಗಿ ಹಿಡೀರಿ ಎಂದು ಕೂಗಿದವರು ಹಾಗೇ ಕುಳಿತುಬಿಟ್ಟರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಕ್ಕದ ಮನೆಯ ಪುಟ್ಟಕ್ಕ ಅವಳ ಕೈ ಹಿಡಿದು, ಹೆಂಗಿದ್ದರೂ ಚಂದವೇ ಐತೆ ಬಿಡು ಎಂದು ಸಮಾಧಾನ ಹೇಳಿದಳು. ಬಾಗಿಲಲ್ಲಿ ಉಪದೇಶಿ ರಾಯಪ್ಪ ನಿಂತಿದ್ದ. ಹೊಳಲ್ಕೆರೆಯ ಆ ಸಣ್ಣ ಚರ್ಚಿನಲ್ಲಿ ಗಂಟೆ ಹೊಡೆಯುವವನು, ಮಕ್ಕಳಿಗೆ ಜಪ ಕಲಿಸುವವನು, ಸತ್ತವರಿಗೆ ಗುಂಡಿ ತೋಡಿಸುವವನು ಎಲ್ಲ ಅವನೇ. ಕೈಯಲ್ಲಿ ಟವೆಲು ಹಿಂಡುತ್ತಿದ್ದ.

"ಗುಂಡಿ ಎಲ್ಲಿ ತೋಡಿಸಾದು ಅಂತ ಫಾದರ್‌ನ ಕೇಳ್ಬೇಕು, ಚೌಡಮ್ಮ" ಎಂದ. "ಚರ್ಚಿನ ಕಾಂಪೌಂಡಿನ ಒಳಗೋ, ಹೊರಗೋ ಅಂತ."

"ಹೊರಗ್ಯಾಕೆ, ರಾಯಪ್ಪಣ್ಣ?"

ರಾಯಪ್ಪ ಕೆಟ್ಟವನಲ್ಲ. ಮೇಷ್ಟ್ರು ಸತ್ತ ಸುದ್ದಿ ಕೇಳಿ ನಿನ್ನೆ ಎಲ್ಲರಿಗಿಂತ ಮೊದಲು ಅತ್ತವನೂ ಅವನೇ. ಆದರೆ ಹಳೇ ಫಾದರ್ ಕಾಲದಿಂದ ಕೇಳಿಕೊಂಡು ಬಂದದ್ದನ್ನು ಬಿಡಲೂ ಅವನಿಂದಾಗದು. ನೆಲ ನೋಡುತ್ತ, ತಡವರಿಸುತ್ತ ಹೇಳಿ ಮುಗಿಸಿದ. ಮೇಷ್ಟ್ರ ಮದುವೆ ಚರ್ಚಿನಲ್ಲಿ ಆಗಲಿಲ್ಲ, ಚಿತ್ರದುರ್ಗದ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಹಾಗೆ ಆದವರಿಗೆ ಬದುಕಿರುವಾಗ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಇಲ್ಲ. ಸತ್ತಾಗ ಪೂಜೆ ಇಲ್ಲ ಎಂದು ಹಳೇ ಫಾದರ್ ಹೇಳುತ್ತಿದ್ದರು. ಈಗಿನ ಫಾದರ್ ಏನು ಹೇಳುತ್ತಾರೋ ಗೊತ್ತಿಲ್ಲ.

ಚೌಡೇಶ್ವರಿಯ ಕೈಯಿಂದ ಸ್ಕಾರ್ಫಿನ ತುದಿ ಜಾರಿತು.

"ಇಷ್ಟು ವರ್ಷ ಅವರಿಗೆ ಪ್ರಸಾದ ಕೊಡ್ತಿರ್ಲಿಲ್ವಾ?"

"ನಿಂಗೆ ಗೊತ್ತಿಲ್ವಾ ತಂಗಿ?" ಎಂದ ರಾಯಪ್ಪ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

* * *

ತಾಳ್ಯದ ಗೋವಿಂದಯ್ಯನ ಮಗಳು ಚೌಡೇಶ್ವರಿ ಮೂವತ್ತು ದಾಟಿದರೂ ಗಂಡು ಗೊತ್ತಾಗದೆ, ಹೊಳಲ್ಕೆರೆಯ ಸೋದರತ್ತೆಯ ಮನೆಯಲ್ಲಿ ಹೊಲಿಗೆ ಮಷೀನು ತುಳಿದುಕೊಂಡಿದ್ದವಳು. ಸ್ಕೌಟ್ ಹುಡುಗರ ಬಟ್ಟೆ ಹೊಲಿಸಲು ಡ್ರಿಲ್ ಮೇಷ್ಟ್ರು ಇನ್ನಾಸಪ್ಪ ಬರುತ್ತಿದ್ದರು. ಗುಂಡಿ ಸಡಿಲವಾಯಿತೆಂದು ಒಂದು ಸಲ ಬಂದರು, ಜೇಬು ಸೊಟ್ಟಗಾಯಿತೆಂದು ಇನ್ನೊಂದು ಸಲ ಬಂದರು, ಕೊನೆಗೆ ಜೇಬಿನ ನೆವವೂ ಇಲ್ಲದೆ ಬರತೊಡಗಿದರು. ಮೇಷ್ಟ್ರಿಗೂ ಆಗ ತಲೆ ನರೆಯತೊಡಗಿತ್ತು. ತೊಂಬತ್ತರ ಇಸವಿಯಲ್ಲಿ ಇಬ್ಬರೂ ಚಿತ್ರದುರ್ಗಕ್ಕೆ ಬಸ್ಸು ಹತ್ತಿ ಹೋಗಿ ಸಹಿ ಹಾಕಿ ಬಂದರು. ಗೋವಿಂದಯ್ಯ ಮಗಳು ಸತ್ತಳೆಂದು ತಲೆಗೆ ನೀರು ಹೊಯ್ದುಕೊಂಡ. ಆಮೇಲೆ ಸಾಯುವವರೆಗೂ ಅವಳ ಮುಖ ನೋಡಲಿಲ್ಲ.

ತವರಿನಿಂದ ಅವಳ ಜೊತೆ ಬಂದದ್ದು ತಾಯಿ ಪೂಜಿಸುತ್ತಿದ್ದ ಚೌಡಮ್ಮ ದೇವಿಯ ಪಟವೊಂದೇ. ಕೂಸಾಗಿದ್ದಾಗ ಜ್ವರದಲ್ಲಿ ಕೈಬಿಟ್ಟೇ ಹೋಗಿದ್ದವಳನ್ನು ಆ ದೇವಿಯೇ ಉಳಿಸಿದಳೆಂದು ಹರಕೆಯ ಹೆಸರು ಇಟ್ಟಿದ್ದರು. ಪಟಕ್ಕೊಂದು ಮೂಲೆ, ಏಸುವಿನ ಪಟಕ್ಕೊಂದು ಮೂಲೆ. ಎರಡಕ್ಕೂ ದೀಪ ಹಚ್ಚುವವಳು ಅವಳೇ. ಎಣ್ಣೆ ಒಂದೇ ಡಬ್ಬಿಯದು.

ವರ್ಷ ತುಂಬುವ ಮೊದಲು ಒಂದು ದಿನ ಊಟಕ್ಕೆ ಕುಳಿತ ಮೇಷ್ಟ್ರು ಅನ್ನ ಕಲಸುತ್ತ ಮಾತು ತೆಗೆದರು. ಹಳೇ ಫಾದರ್ ಕರೆಸಿದ್ದರಂತೆ. ಅವಳು ತಲೆಗೆ ನೀರು ಹಾಕಿಸಿಕೊಂಡು, ಜ್ಞಾನಸ್ನಾನ ತೆಗೆದುಕೊಂಡು ಕ್ರೈಸ್ತಳಾದರೆ ಚರ್ಚಿನಲ್ಲೇ ಮದುವೆ ಮಾಡಿಸುತ್ತಾರಂತೆ.

"ಹೆಸರು?" ಎಂದಳು ಅವಳು.

"ಬ್ಯಾರೆ ಹೆಸರು ಇಡ್ತಾರೆ."

ಅವಳು ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಬಿಟ್ಟ, ಊರು ಬಿಟ್ಟಿತು, ಈಗ ಅವ್ವ ಇಟ್ಟ ಹೆಸರೂ ಹೋದರೆ ತಾನು ಯಾರೆಂದು ಕೇಳಿದವರಿಗೆ ಏನು ಹೇಳುವುದು? ಮರುದಿನವೂ ಅವಳು ಉಣ್ಣಲಿಲ್ಲ. ಮೇಷ್ಟ್ರು ಶಾಲೆಯಿಂದ ಬಂದವರು ಯೂನಿಫಾರಂ ಕೂಡ ಬಿಚ್ಚದೆ ಮಷೀನಿನ ಪಕ್ಕ ನೆಲದ ಮೇಲೆ ಕುಳಿತು, ಪ್ರತಿಜ್ಞೆ ಮಾಡುವ ಹುಡುಗನಂತೆ ಮೂರು ಬೆರಳೆತ್ತಿದರು.

"ಸ್ಕೌಟ್ ಮಾತು ಚೌಡಿ. ಇನ್ನು ಈ ಸುದ್ದಿ ನನ್ನ ಬಾಯಾಗೆ ಬರಲ್ಲ. ಏಳು, ಉಣ್ಣು."

ನರೆಗೂದಲ ಗಂಡಸು ಬೆರಳೆತ್ತಿ ಕುಳಿತದ್ದು ನೋಡಿ ಅವಳಿಗೆ ಅಳುವಿನಲ್ಲೂ ನಗು ಬಂತು. ಉಂಡಳು. ಮೇಷ್ಟ್ರು ಹೇಳಿದ ಹಾಗೇ ನಡೆದುಕೊಂಡರು. ಆ ಸುದ್ದಿ ಮತ್ತೆ ಆ ಮನೆಯಲ್ಲಿ ಬರಲೇ ಇಲ್ಲ. ಬರದಿದ್ದುದರಿಂದ ಅದು ಬಗೆಹರಿದಿದೆ ಎಂದೇ ಅವಳು ತಿಳಿದಿದ್ದಳು.

* * *

ಚರ್ಚು ಮನೆಯಿಂದ ಎರಡು ಬೀದಿ ಆಚೆಗಿತ್ತು. ಹೆಣ ಮನೆಯಲ್ಲಿರುವಾಗ ಹೆಂಡತಿ ಬೀದಿಗಿಳಿಯಬಾರದೆಂದು ಪುಟ್ಟಕ್ಕ ಸೆರಗು ಹಿಡಿದು ಎಳೆದರೂ ಚೌಡೇಶ್ವರಿ ನಿಲ್ಲಲಿಲ್ಲ. ಕೆದರಿದ ತಲೆಯಲ್ಲಿ, ಬರಿಗಾಲಲ್ಲಿ ಹೋಗಿ ಫಾದರ್ ಲೂರ್ದುಸಾಮಿಯವರ ಮುಂದೆ ನಿಂತಳು. ಅವರು ಶಿವಮೊಗ್ಗದ ಕಡೆಯಿಂದ ಬಂದು ಎರಡು ವರ್ಷವಾಗಿತ್ತಷ್ಟೇ. ಇನ್ನೂ ಚಿಕ್ಕ ವಯಸ್ಸು, ಮೇಷ್ಟ್ರ ಹುಡುಗರ ಜೊತೆ ವಾಲಿಬಾಲ್ ಆಡುತ್ತಿದ್ದರು.

"ನನ್ನ ತಲೆ ಮ್ಯಾಲೆ ನೀರು ಹಾಕ್ರಿ, ಫಾದರ್" ಎಂದಳು. "ಏನ್ ಹೆಸರಿಟ್ರೂ ಆಗ್ಲಿ. ಈಗ್ಲೇ ಹಾಕ್ರಿ. ಅವರನ್ನ ಮಾತ್ರ ಕಾಂಪೌಂಡಿನ ಹೊರಗೆ ಮಲಗಿಸ್ಬ್ಯಾಡ್ರಿ."

ಫಾದರ್ ಗಾಬರಿಯಾದರು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಹಾಗೆಲ್ಲ ಯಾರು ಹೇಳಿದರೆಂದು ಕೇಳಿದರು. ಕೇಳಿದ ಮೇಲೆ ತಲೆ ಅಲ್ಲಾಡಿಸಿದರು. ಪೂಜೆ ಆಗುತ್ತದೆ, ಮೇಷ್ಟ್ರಿಗೆ ಮಾಡದೆ ಇನ್ನಾರಿಗೆ ಮಾಡುವುದು, ಸಮಾಧಿಯೂ ಒಳಗೇ ಆಗುತ್ತದೆ, ರಾಯಪ್ಪನಿಗೆ ತಾವೇ ಹೇಳುತ್ತೇವೆ ಎಂದರು. ಅದಕ್ಕಾಗಿ ಅವಳು ಏನೂ ಆಗಬೇಕಾಗಿಲ್ಲ ಎಂದರು.

ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಎದೆಯ ಮೇಲಿನ ಕಲ್ಲು ಇಳಿದ ಹೆಣ್ಣು ಸುಮ್ಮನೆ ಕೂರುವುದುಂಟೇ? ಕೇಳಿಯೇಬಿಟ್ಟಳು.

"ಹಂಗಾದ್ರೆ ಪ್ರಸಾದ ಯಾಕೆ ಕೊಡ್ಲಿಲ್ಲ, ಫಾದರ್?"

ಫಾದರ್ ಸುಳ್ಳು ಹೇಳಲು ಬಾರದವರಾದ್ದರಿಂದ, ನಿಧಾನವಾಗಿ ಬಿಡಿಸಿ ಹೇಳಿದರು. ಮದುವೆ ಚರ್ಚಿನ ಮುಂದೆ ಆಗದವರಿಗೆ ಪ್ರಸಾದ ಕೊಡುವಂತಿಲ್ಲ, ಅದು ನಿಜ. ಆದರೆ ಆ ಮದುವೆಯನ್ನು ಆಮೇಲೂ ಸರಿಮಾಡಿಕೊಳ್ಳಬಹುದಿತ್ತು. ಹೆಂಡತಿ ಮತ ಬಿಡಬೇಕೆಂದೇನೂ ಇರಲಿಲ್ಲ. ಬಿಷಪ್ಪರ ಅಪ್ಪಣೆ ತರಿಸಿಕೊಂಡು, ಗಂಡ ಹೆಂಡತಿ ಇಬ್ಬರೂ ಬಂದು ಫಾದರ್ ಮುಂದೆ ಒಪ್ಪಿಗೆ ಹೇಳಿದ್ದರೆ ಸಾಕಿತ್ತು. ಹಳೇ ಫಾದರ್ ಯಾಕೆ ಹಾಗೆ ಹೇಳಿದರೋ, ಅವರಿಗೆ ಅದೇ ಸರಿ ಅನ್ನಿಸಿತ್ತೋ ಏನೋ.

"ನನ್ನ ಹೆಸರು?"

"ಅದೇ ಇರ್ತಿತ್ತು ಅಮ್ಮ."

"ಕುಂಕುಮ ಇಟ್ಕಂಡೇ ಬರಬಹುದಿತ್ತಾ?"

"ಇಟ್ಕೊಂಡೇ ಬರಬಹುದಿತ್ತು."

ಅವಳ ಕೈ ತಾನಾಗಿಯೇ ಹಣೆಗೆ ಹೋಯಿತು. ನಿನ್ನೆ ಬೆಳಗ್ಗೆ ಇಟ್ಟ ಕುಂಕುಮ ಅರ್ಧ ಅಳಿಸಿತ್ತು.

ಫಾದರ್‌ಗೆ ತಾವು ಹೇಳಬಾರದಿತ್ತು ಅನ್ನಿಸಿತು. ಹೇಳಿಯಾಗಿತ್ತು. ಮೇಷ್ಟ್ರು ಪ್ರಸಾದಕ್ಕೆ ಬಾರದಿರುವುದನ್ನು ನೋಡಿ ತಾವೂ ಒಂದು ಸಲ ಕೇಳಿದ್ದೆವು ಎಂದರು. "‘ಮನೇಲಿ ಒಂದು ಮಾತು ಕೊಟ್ಟೀನಿ ಫಾದರ್, ಆ ಸುದ್ದಿ ಎತ್ತಂಗಿಲ್ಲ’ ಅಂತ ನಕ್ಕುಬಿಟ್ರು. ಏನು ಮಾತು ಅಂತ ನಾನು ಕೆದಕಲಿಲ್ಲ. ಕೆದಕಬೇಕಿತ್ತು."

ಮೂರು ಬೆರಳು ಎತ್ತಿ ಕುಳಿತಿದ್ದ ಗಂಡನನ್ನು ಚೌಡೇಶ್ವರಿ ನೆನೆದಳು. ಬೈಯೋಣವೆಂದರೆ ಬೈಯಿಸಿಕೊಳ್ಳುವವರಿಲ್ಲ. ಈಗಲೇ ಬಂದು ನಿಲ್ಲುತ್ತೇನೆಂದರೆ ಜೊತೆಗೆ ನಿಲ್ಲುವವರಿಲ್ಲ. ಅವಳು ನೀರಿನ ಲೋಟವನ್ನು ಮೇಜಿನ ಮೇಲಿಟ್ಟು ಮನೆಯ ಕಡೆ ನಡೆದಳು.

* * *

ಮೇಷ್ಟ್ರ ಸ್ಕೌಟ್ ಹುಡುಗರಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮಪದಕ ಎಂಬುದೊಂದಿತ್ತು. ಅದೇನು ಸುಮ್ಮನೆ ಸಿಗುವುದಲ್ಲ. ಜಪಗಳೆಲ್ಲ ಬಾಯಿಗೆ ಬರಬೇಕು, ರೋಗಿಗಳ ಮನೆಗೆ ಹೋಗಿ ಕೆಲಸ ಮಾಡಿಕೊಡಬೇಕು, ಸಮಾಧಿಗಳ ಮೇಲಿನ ಕಳೆ ಕೀಳಬೇಕು, ಕೊನೆಗೆ ಫಾದರ್ ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಪಾಠ ನಡೆಯುತ್ತಿದ್ದದ್ದು ಮೇಷ್ಟ್ರ ಮನೆಯ ಜಗಲಿಯಲ್ಲೇ. ಒಳಗೆ ಮಷೀನು ತುಳಿಯುತ್ತ ಚೌಡೇಶ್ವರಿಗೂ ಅರ್ಧ ಬಾಯಿಪಾಠವಾಗಿತ್ತು. ಪರಮಪ್ರಸಾದದ ಪಾಠ ಬಂದಾಗ ಮೇಷ್ಟ್ರು ಹಸಿದವನ ಕತೆ ಹೇಳುತ್ತಿದ್ದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ ಕೇಳುತ್ತಿದ್ದ ಹುಡುಗರು ಒಳಗೆ ಬಂದು, ಅಮ್ಮಾ ಏನಾದ್ರೂ ತಿನ್ನಾಕೆ ಕೊಡಿ ಎನ್ನುತ್ತಿದ್ದರು.

ಒಂದು ವರ್ಷ ಬಸವೇಶ ಎಂಬ ಲಿಂಗಾಯತರ ಹುಡುಗ ತನಗೂ ಪದಕ ಬೇಕೆಂದು ಹಟ ಹಿಡಿದ. ಮೇಷ್ಟ್ರು ಅವನನ್ನು ಅವರ ಮಠಕ್ಕೇ ಕರೆದುಕೊಂಡು ಹೋಗಿ, ಅಲ್ಲಿನ ಸ್ವಾಮಿಗಳ ಮುಂದೆ ವಚನ ಹೇಳಿಸಿ, ಅವರ ಕೈಯಿಂದಲೇ ಪದಕ ಚುಚ್ಚಿಸಿದರು. ಅವರವರ ದೇವರ ಮುಂದೆ ಅವರವರು ನೆಟ್ಟಗಿದ್ದರೆ ಸಾಕು ಎಂದು ಮನೆಗೆ ಬಂದು ಹೇಳಿದಾಗ, ಚೌಡೇಶ್ವರಿ ತನ್ನ ಮೂಲೆಯ ಪಟದ ಕಡೆ ನೋಡಿ ನೆಮ್ಮದಿಯಾಗಿದ್ದಳು.

ಚರ್ಚಿನಲ್ಲಿ ಪದಕ ಕೊಡುವುದು ಕ್ರಿಸ್ತರಾಜರ ಹಬ್ಬದ ದಿನ. ಹುಡುಗರು ಯೂನಿಫಾರಂ ತೊಟ್ಟು, ಟೋಪಿಯನ್ನು ಕೈಯಲ್ಲಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಪ್ರಸಾದಕ್ಕೆ ಹೋಗುವಾಗ ಎರಡು ಕೈಯೂ ಖಾಲಿ ಇರಬೇಕು. ಅದಕ್ಕೆ ಪೀಠದ ಹತ್ತಿರದ ಕಂಬದ ಪಕ್ಕ ಮೇಷ್ಟ್ರು ನಿಲ್ಲುತ್ತಿದ್ದರು. ಒಬ್ಬೊಬ್ಬನೂ ಟೋಪಿ ಅವರ ಕೈಗಿಟ್ಟು ಮುಂದೆ ಹೋಗುತ್ತಿದ್ದ, ಸಾಲು ಮುಗಿದ ಮೇಲೆ ತನ್ನದನ್ನು ತೆಗೆದುಕೊಳ್ಳುತ್ತಿದ್ದ. ಬಾಗಿಲ ಬಳಿ ನಿಂತು ನೋಡುತ್ತಿದ್ದ ಚೌಡೇಶ್ವರಿ ಮನೆಗೆ ಬಂದ ಮೇಲೆ ಛೇಡಿಸಿದ್ದಳು.

"ಎಲ್ಲಾರೂ ಪ್ರಸಾದ ತಗಂತಾರೆ. ನೀವೊಬ್ರು ಟೋಪಿ ಕಾಯ್ಕಂಡು ನಿಂತಿರ್ತೀರಿ."

"ಯಾರಾರ ಹಿಡ್ಕಬೇಕಲ್ಲ, ಚೌಡಿ" ಎಂದು ಮೇಷ್ಟ್ರು ಸ್ಕಾರ್ಫು ಬಿಚ್ಚಿ ಮೊಳೆಗೆ ಹಾಕಿದ್ದರು.

* * *

ಮಧ್ಯಾಹ್ನದ ಹೊತ್ತಿಗೆ ಚರ್ಚು ತುಂಬಿತು. ಹಿರಿಯೂರಿನಿಂದ, ಹೊಸದುರ್ಗದಿಂದ ಹಳೇ ಹುಡುಗರು ಬಂದಿದ್ದರು. ಹೊಟ್ಟೆ ಬಂದು ಅಂಗಿ ಹಿಡಿಸದವರು ಬರೀ ಸ್ಕಾರ್ಫು ಕಟ್ಟಿ, ಟೋಪಿ ಹಿಡಿದು ಬಂದಿದ್ದರು. ಈಗ ಲೈನ್‌ಮ್ಯಾನ್ ಆಗಿರುವ ಬಸವೇಶ ಮೇಷ್ಟ್ರ ಸ್ಕಾರ್ಫನ್ನು ಒಂದೇ ಏಟಿಗೆ ಸರಿಮಾಡಿ, ಅದನ್ನು ಹಿಡಿದಿಡುವ ಉಂಗುರ ಮೇಲಕ್ಕೇರಿಸಿ, ತಾನು ಅಳುತ್ತಿರುವುದು ಕಾಣಬಾರದೆಂದು ಬೇಗ ಹಿಂದಕ್ಕೆ ಸರಿದಿದ್ದ. ರಾಯಪ್ಪ ಗುಂಡಿಯನ್ನು ಕಾಂಪೌಂಡಿನ ಒಳಗೇ, ನೆರಳಿರುವ ಕಡೆ ತೋಡಿಸಿ ಬಂದಿದ್ದ. ಅದನ್ನು ಚೌಡೇಶ್ವರಿಗೆ ಹೇಳಿ, ಅವಳು ಏನಾದರೂ ಅಂದಾಳೆಂದು ಕಾದ. ಅವಳು ಸೆರಗು ಹೊದ್ದುಕೊಂಡು ಒಳಗೆ ನಡೆದಳು.

ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದರು. ಇಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದ ಪೀಠ ಈಗ ಕೈಗೆಟಕುವಷ್ಟು ಹತ್ತಿರವಿತ್ತು. ಒಪ್ಪಿಗೆ ಹೇಳಲು ಬಂದಿದ್ದರೆ ಇಬ್ಬರೂ ನಿಲ್ಲುತ್ತಿದ್ದದ್ದು ಇಲ್ಲೇ ಎಲ್ಲೋ ಎಂದು ಅವಳಿಗೆ ಅನ್ನಿಸಿತು. ಆ ಜಾಗದಲ್ಲಿ ಮೇಷ್ಟ್ರ ಪೆಟ್ಟಿಗೆ ಇಟ್ಟಿದ್ದರು.

ಪರಮಪ್ರಸಾದದ ಹೊತ್ತು ಬಂತು. ಹುಡುಗರೂ ಹಳೇ ಹುಡುಗರೂ ಬೆಂಚುಗಳಿಂದ ಎದ್ದು ಸಾಲಾದರು. ಸಾಲು ಕಂಬದ ತನಕ ಬಂದು ನಿಂತಿತು. ಮುಂದಿದ್ದವನು ಟೋಪಿ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ಕಂಬದ ಕಡೆ ನೋಡಿದ. ಹಿಂದಿನವನು ಅವನ ಹೆಗಲ ಮೇಲಿಂದ ನೋಡಿದ. ಫಾದರ್ ಪ್ರಸಾದದ ಪಾತ್ರೆ ಹಿಡಿದು ಕಾಯುತ್ತಿದ್ದರು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಚೌಡೇಶ್ವರಿ ಎದ್ದಳು. ಪೆಟ್ಟಿಗೆಯನ್ನು ಬಳಸಿಕೊಂಡು ಹೋಗಿ ಕಂಬದ ಪಕ್ಕ ನಿಂತು ಎರಡೂ ಕೈ ಚಾಚಿದಳು. ಮೊದಲನೆಯವನು ಅವಳ ಮುಖ ನೋಡಿ ಟೋಪಿ ಇಟ್ಟ. ಆಮೇಲೆ ಎರಡನೆಯವನು ಇಟ್ಟ. ಅಲ್ಲಿ ನಿಂತ ಮೇಲೆಯೇ ಅವಳಿಗೆ ತಿಳಿದದ್ದು: ಆ ಜಾಗದಿಂದ ಪ್ರಸಾದ ತೆಗೆದುಕೊಳ್ಳುವವರ ಬಾಯಿ ಕೂಡ ಕಾಣುತ್ತದೆ. ಎಲ್ಲರಿಗಿಂತ ಹತ್ತಿರದ ಜಾಗ ಅದು. ಕೈ ತುಂಬ ಟೋಪಿ ಇದ್ದವನನ್ನು ನೀನ್ಯಾಕೆ ಮುಂದೆ ಹೋಗಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಸಾಲಿಗೆ ಸೇರದೆ ಬೆಂಚಿನಲ್ಲೇ ಉಳಿದಿದ್ದ ಬಸವೇಶ ಎದ್ದು ಹತ್ತಿರ ಬಂದ. "ಕೊಡ್ರಮ್ಮ, ನಾನ್ ಹಿಡ್ಕಂತೀನಿ. ನೀವು ಕುಂತ್ಕಳ್ರಿ" ಎಂದು ಮೆಲ್ಲಗೆ ಕೇಳಿದ.

"ಇರ್ಲಿ ಬಿಡಪ್ಪ" ಎಂದಳು.

ಟೋಪಿಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು. ಮೊಣಕೈ ತುಂಬಿ, ಎದೆ ದಾಟಿ, ಗದ್ದ ಮುಟ್ಟುವಷ್ಟಾದವು. ಅವುಗಳಿಂದ ಬೆವರಿನ ವಾಸನೆ, ಎಣ್ಣೆಯ ವಾಸನೆ ಬರುತ್ತಿತ್ತು. ಅವಳ ಕಣ್ಣಿನಿಂದ ನೀರಿಳಿದು ಮೇಲಿನ ಟೋಪಿಯ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.